ಪತ್ರಿಕೆಯಲ್ಲಿ ಇಲ್ಲದ ಹೆಸರು

ಪ್ರೆಸ್ಸಿನಿಂದ ಮಗಳ ಲಗ್ನಪತ್ರಿಕೆಯ ಪ್ರೂಫು ಬಂದಾಗ ನಾನು ಮೆಂತ್ಯೆಸೊಪ್ಪು ಸೋಸುತ್ತ ಕೂತಿದ್ದೆ. ಕಾನ್ವೆಂಟಿನಲ್ಲಿ ಕಲಿತವಳೆಂಬ ಒಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಕಾಗದದ ಮೇಲಿನ ತಪ್ಪುಗಳನ್ನೆಲ್ಲ ತಿದ್ದುವ ಕೆಲಸ ನನ್ನ ಪಾಲಿನದು. ಹಸಿ ಸೊಪ್ಪಿನ ವಾಸನೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೆಂಪು ಪೆನ್ನು ಹಿಡಿದೆ. ಬಿಟ್ಟುಹೋಗಿದ್ದ ಒಂದು ದೀರ್ಘ ಹಾಕಿದೆ, ಬೀಗರ ಊರಾದ ಮುಂಡರಗಿಯನ್ನು ಸರಿಪಡಿಸಿದೆ, ಕೊನೆಗೆ ‘ತಮ್ಮ ಸುಖಾಗಮನ ಬಯಸುವವರು’ ಎಂಬಲ್ಲಿದ್ದ ಒಂದು ಹೆಸರಿನ ಮೇಲೆ ಗೆರೆ ಎಳೆದೆ. ಫೋನಿನಲ್ಲಿ ಫೋಟೊ ತೆಗೆದು ಪ್ರೆಸ್ಸಿಗೆ ಕಳಿಸಿ ಮತ್ತೆ ಸೊಪ್ಪಿಗೆ ಕೈಹಚ್ಚಿದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆ ಗೆರೆ ಎಳೆಯುವಾಗ ಮನಸ್ಸಿನಲ್ಲಿ ಏನೂ ಸುಳಿಯಲಿಲ್ಲ, ಅಕ್ಷರದೋಷ ತಿದ್ದಿದಷ್ಟೇ ಸಹಜವಾಗಿತ್ತು ಎಂದರೆ ನೀವು ನನ್ನನ್ನು ನಂಬಬೇಕು.

ಅದು ನನ್ನ ನಾದಿನಿ ಶಾರದಾಳ ಹೆಸರು.

ನಮ್ಮ ಮಾವನವರು ಗದಗಿನ ಹತ್ತಿ ವ್ಯಾಪಾರಿಗಳು, ಕಳಸಾಪುರದ ಕಡೆ ಎರೆಹೊಲ ಉಳ್ಳವರು. ಎಂದೂ ಕೈ ಎತ್ತಿದವರಲ್ಲ, ದನಿ ಎತ್ತಿದವರೂ ಅಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ. ಮನೆಯಲ್ಲಿ ಯಾವ ಪಲ್ಯವಾಗಬೇಕು, ಯಾರು ಎಲ್ಲಿಯವರೆಗೆ ಓದಬೇಕು, ಹಬ್ಬಕ್ಕೆ ಯಾರ ಸೀರೆ ಯಾವ ಬಣ್ಣ, ಎಲ್ಲವೂ ಅವರು ಅಂದಂತೆ. ಶಾರದಾ ಲಕ್ಷ್ಮೇಶ್ವರದ ಚಿತ್ರಕಲಾ ಮಾಸ್ತರರೊಬ್ಬರನ್ನು ತಾನೇ ಮೆಚ್ಚಿ ಮದುವೆಯಾದ ದಿನ ಅವರು ಹೇಳಿದ್ದು ಒಂದೇ ಮಾತು: “ಆಕಿ ಹೆಸರು ಈ ಮನ್ಯಾಗ ಮತ್ತ ಕೇಳಬಾರದು.” ಕೇಳಲಿಲ್ಲ. ಗೋಡೆಯ ಮೇಲಿನ ಮನೆಮಂದಿಯ ಫೋಟೊದಲ್ಲಿ ಅತ್ತೆಯವರ ಪಕ್ಕ ನಿಂತಿದ್ದ ಶಾರದಾಳ ಜಾಗದಲ್ಲಿ ಅಂದಿನಿಂದ ಒಂದು ಉದ್ದನೆಯ ತೂತು; ಅವಳ ಭುಜದ ಮೇಲಿದ್ದ ಅತ್ತೆಯವರ ಬೆರಳುಗಳೂ ಅದರ ಜೊತೆಗೇ ಹೋಗಿವೆ.

ಮಾವನವರು ತೀರಿಕೊಂಡು ಏಳು ವರ್ಷವಾಯಿತು. ಆ ದಿನ ಶಾರದಾ ಬಂದಿದ್ದಳು, ಬೀದಿಯಲ್ಲಿ ಮಂದಿಯ ಹಿಂದೆ ನಿಂತಿದ್ದಳು. ಒಳಗೆ ಬಾ ಎನ್ನುವ ಧೈರ್ಯ ಯಾರಿಗೂ ಆಗದೆ ಹಾಗೇ ಹೊರಟುಹೋದಳು. ನಮ್ಮಲ್ಲಿ ಇನ್ನೊಂದು ಪದ್ಧತಿ ಉಂಟು. ಹೊಸ ಲಗ್ನಪತ್ರಿಕೆ ಬರೆಯುವಾಗ ಹಿಂದಿನ ಮದುವೆಯ ಪತ್ರಿಕೆಯನ್ನು ಟ್ರಂಕಿನಿಂದ ತೆಗೆದು ಮುಂದಿಟ್ಟುಕೊಂಡು, ಹೋದವರ ಹೆಸರು ಬಿಟ್ಟು, ಹುಟ್ಟಿದವರ ಹೆಸರು ಸೇರಿಸಿ, ಉಳಿದದ್ದನ್ನು ಇದ್ದಂತೆ ಇಳಿಸಿಕೊಳ್ಳುವುದು. ಹೀಗೆ ಪತ್ರಿಕೆಯಿಂದ ಪತ್ರಿಕೆಗೆ ಶಾರದಾ ಇಲ್ಲದೆ ಉಳಿದಳು, ಹೋದವರಲ್ಲೂ ಅಲ್ಲ, ಇದ್ದವರಲ್ಲೂ ಅಲ್ಲ.

ಈಗ ರಷ್ಯಾದ ಮಾತು. ಎಲ್ಲಿಯ ಗದಗು, ಎಲ್ಲಿಯ ರಷ್ಯಾ ಎನ್ನಬೇಡಿ. ನನ್ನ ಮಗಳು ಶ್ರುತಿ ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಮದುವೆ ಗೊತ್ತಾದ ಮೇಲೆ ಅವಳ ಪುಸ್ತಕಗಳೆಲ್ಲ ಮನೆಗೆ ಬಂದು ನನ್ನ ಮಧ್ಯಾಹ್ನಗಳಿಗೆ ಜೊತೆಯಾದವು. ನಾನು ಶಾಲೆಯಲ್ಲಿ ಓದುವಾಗ ರಷ್ಯಾ ಎಂದರೆ ನಕಾಶೆಯಲ್ಲಿ ಗುಲಾಬಿ ಪೆನ್ಸಿಲ್ ಸವೆಯುವವರೆಗೆ ತುಂಬಬೇಕಾದ ದೊಡ್ಡ ಜಾಗ, ಕ್ರಾಂತಿಗೆ ಕಾರಣ ಬರೆದರೆ ಸಿಗುವ ಐದು ಅಂಕ, ಅಷ್ಟೆ. ಹೊಲದ ಜೊತೆಗೇ ಹೊಲದ ಆಳುಗಳನ್ನೂ ಕೊಂಡು ಮಾರುತ್ತಿದ್ದ ಕಾಲ, ಒಬ್ಬ ದೊರೆಯ ಇಚ್ಛೆಯೇ ಕಾಯಿದೆಯಾಗಿದ್ದ ಶತಮಾನಗಳು, ಒಂದು ಮಾತಿಗೆ ಹಿಮದ ಸೈಬೀರಿಯಕ್ಕೆ ನಡೆದು ಹೋದವರು, ಇವನ್ನೆಲ್ಲ ಈಗ ಓದಿದೆ. ದೊರೆ ಹೋದ ಮೇಲೆ ಹೊಸ ಕಾಲ ಬಂತೆಂದು ಹಿಗ್ಗಿದ ಜನರ ತಲೆಯ ಮೇಲೆ ಮತ್ತೊಬ್ಬ ಬಂದು ಕೂತದ್ದನ್ನೂ ಓದಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಚಿತ್ರ. ಮೊದಲನೆಯದರಲ್ಲಿ ಆ ಹೊಸ ನಾಯಕನ ಪಕ್ಕ ಕಾಲುವೆಯ ದಂಡೆಗುಂಟ ಒಬ್ಬ ಅಧಿಕಾರಿ ನಡೆಯುತ್ತಿದ್ದಾನೆ. ಅವನನ್ನು ಕೊಂದ ಮೇಲೆ ಅಚ್ಚಾದ ಎರಡನೆಯದರಲ್ಲಿ ಅವನಿಲ್ಲ, ಅವನಿದ್ದ ಕಡೆ ನೀರು ತಣ್ಣಗೆ ಹರಿಯುತ್ತಿದೆ. ಅದು ಸರಕಾರದ ಕೆಲಸ ಎನ್ನೋಣ. ಆದರೆ ಶಾಲೆಯ ಮಕ್ಕಳು ತಮ್ಮದೇ ಪುಸ್ತಕದೊಳಗಿನ ಬೇಡವಾದವರ ಮುಖಗಳಿಗೆ ಮಸಿ ಬಳಿದರಂತೆ. ಹೆಂಡಂದಿರು, ಅಕ್ಕತಂಗಿಯರು ತಮ್ಮ ಮನೆಯ ಆಲ್ಬಮ್ಮುಗಳಲ್ಲಿ ಬಂಧಿತರಾದವರ ಮುಖಗಳನ್ನು ತಾವೇ ಕತ್ತರಿಸಿ ತೆಗೆದರಂತೆ. ಆಳಿದವನು ಸತ್ತ ಎಷ್ಟೋ ವರ್ಷಗಳ ಮೇಲೂ ಕಾಣೆಯಾದ ಅಪ್ಪನ ಹೆಸರನ್ನು ಮಕ್ಕಳಿಗೆ ಹೇಳದ ತಾಯಂದಿರು ಇದ್ದರಂತೆ. ಅಷ್ಟು ಜನರ ಅಳಲಿನ ಪಕ್ಕ ನಮ್ಮ ಮನೆಯ ಫೋಟೊದ ತೂತನ್ನು ಇಡುವುದು ಸಣ್ಣತನವೆಂದು ಬಲ್ಲೆ. ಆದರೂ ಆ ಪುಟ ಓದಿ ಕಣ್ಣೀರು ತಂದುಕೊಂಡವಳು ನಾನು. ಮರುವಾರವೇ ಕೆಂಪು ಪೆನ್ನು ಹಿಡಿದವಳೂ ನಾನೇ.

ಪತ್ರಿಕೆಗಳು ಅಚ್ಚಾಗಿ ಬಂದವು. ಮೂರು ದಿನಗಳಲ್ಲಿ ನಮ್ಮನೆಯವರು ಮುಳಗುಂದ, ಡಂಬಳ, ಶಿರಹಟ್ಟಿಯೆಂದು ತಿರುಗಿ ಬಹುಪಾಲು ಹಂಚಿದ ಮೇಲೆ, ಶನಿವಾರ ಶ್ರುತಿ ಬಂದಳು. ಪತ್ರಿಕೆ ಬಿಡಿಸಿ ನೋಡಿದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: “ಆಯಿ ಹೇಳಿದ್ಲು, ನಾ ಬರದೆ. ತಗದವರು ಯಾರು?”

ಆಯಿ ಎಂದರೆ ಅವಳ ಅಜ್ಜಿ, ನಮ್ಮ ಅತ್ತೆಯವರು. ಎಂಬತ್ತೆರಡರ ಆ ಜೀವ ಯಾರಿಗೂ ತಿಳಿಯದಂತೆ ಮೊಮ್ಮಗಳ ಕೈಯಿಂದ ಪ್ರೆಸ್ಸಿಗೆ ಹೋಗುವ ಪ್ರತಿಯಲ್ಲಿ ಶಾರದಾಳ ಹೆಸರು ಬರೆಸಿತ್ತು. ಸಾಯುವುದರೊಳಗೆ ಮಗಳು ಈ ಹೊಸ್ತಿಲು ದಾಟಿ ಒಳಗೆ ಬರಲು ಅವರಿಗೆ ಹೊಳೆದ ದಾರಿ ಅದೊಂದೇ ಆಗಿತ್ತು. ನಮ್ಮನೆಯವರು ತಾಯಿಯ ಮುಖ ನೋಡಿದರು, ತಾಯಿ ಮಗನ ಮುಖ ನೋಡಿದರು. ಒಬ್ಬರು ಇನ್ನೊಬ್ಬರ ಮೇಲೆ ಸಂಶಯ ಪಡುತ್ತಿದ್ದ ಆ ಗಳಿಗೆಯಲ್ಲಿ ನಾನು ಒಲೆಯ ಉರಿ ಸಣ್ಣಗೆ ಮಾಡಿದೆ.

ಮಧ್ಯಾಹ್ನ ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕುತ್ತ ಒಪ್ಪಿಕೊಂಡೆ. ಬಯ್ಯುತ್ತಾರೆಂದು ಕಾದೆ. ಅವರು ನನ್ನ ಕೈ ತಡೆದು ಹಿಡಿದರು. “ಮಾಡು ಅಂತ ನಿನಗ ಯಾರೂ ಹೇಳಿರ್ಲಿಲ್ಲ, ಹೌದಿಲ್ಲೊ? ನಾ ಫೋಟೊಕ್ಕ ಕತ್ತರಿ ಹಚ್ಚಿದಾಗೂ ಅವರು ಮನ್ಯಾಗ ಇರ್ಲಿಲ್ಲವ್ವಾ. ಸಂಜಿಗೆ ಬಂದು ನೋಡಿದ್ರು. ಏನೂ ಅನ್ಲಿಲ್ಲ.”

ಇಷ್ಟು ವರ್ಷ ಆ ಕತ್ತರಿ ಮಾವನವರ ಕೈಯದೆಂದೇ ನಾನು ತಿಳಿದಿದ್ದೆ.

ಮರುದಿನ ಉಳಿದ ಪತ್ರಿಕೆಗಳಲ್ಲೊಂದರ ಮೇಲೆ ಶಾರದಾಳ ಹೆಸರನ್ನು ನನ್ನ ಕೈಯಿಂದಲೇ ದುಂಡಗೆ ಬರೆದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಮುಳಗುಂದ ದಾಟಿದ ಮೇಲೆ ಎರಡೂ ಕಡೆ ಕಡಲೆ ಹೊಲ, ಹೂವಿನ ಕಾಲ. ಬಾಗಿಲು ತೆರೆದ ಶಾರದಾಳ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. “ಏನ ವೈನಿ, ಬಸ್ಸು ದಾರಿ ತಪ್ಪಿತೇನು?” ಎಂದು ನಕ್ಕು, ಚಾಪೆ ಹಾಸಿ, ಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ಅಚ್ಚಿನ ಅಕ್ಷರಗಳ ನಡುವೆ ನನ್ನ ನೀಲಿ ಅಕ್ಷರ ಬಂದಾಗ ಅವಳ ಕಣ್ಣು ನಿಂತಿತು.

“ಗೆರಿ ಎಳದಾಕಿ ನಾನ, ಶಾರದಾ,” ಎಂದೆ.

“ಅಪ್ಪ ಹೋಗಿ ಏಳು ವರ್ಷ ಆತು, ವೈನಿ.”

ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, “ಊರ ತುಂಬ ಹೋದ ಪತ್ರಿಕ್ಯಾಗ ನಾ ಇಲ್ಲ, ಇದೊಂದರಾಗಷ್ಟ ಅದೀನಿ. ನಾಳೆ ಹಂದರದಾಗ ಮಂದಿ ಈಕಿ ಯಾರು ಅಂದ್ರ, ಇದನ್ನ ತೋರಿಸ್ಲೇನು?” ಎಂದು ಕೇಳಿದಳು. ಅವ್ವ ಹೇಗಿದ್ದಾಳೆಂದು ಕೇಳಿದವಳು ನಾನು ಬಾಯಿ ತೆರೆಯುವ ಮೊದಲೇ ಹಾಲು ಉಕ್ಕೀತೆಂದು ಒಳಗೆ ಹೋದಳು. ಒಲೆ ಹಚ್ಚಿದ ಸದ್ದು ಆಮೇಲೆ ಕೇಳಿಸಿತು.

ದಬ್ಬಾಳಿಕೆಯ ಕೊನೆಯ ಗುಟ್ಟು ಇದೇ ಇರಬೇಕೆಂದು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅನ್ನಿಸಿತು. ಆಳುವವನು ಅಂಜಿಕೆಯನ್ನು ಒಮ್ಮೆ ಕಲಿಸಿದರೆ ಸಾಕು. ಆಮೇಲೆ ಮೃದು ಸ್ವಭಾವದವರು, ಯಾರಿಗೂ ಕೆಟ್ಟದ್ದು ಬಯಸದವರು, ಸೊಪ್ಪು ಸೋಸುವವರು, ಅವನಿಲ್ಲದಾಗಲೂ ಅವನ ಕೆಲಸ ಮಾಡುತ್ತ ಹೋಗುತ್ತಾರೆ, ಅವನು ಮಾಡುತ್ತಿದ್ದುದಕ್ಕಿಂತ ಅಚ್ಚುಕಟ್ಟಾಗಿ.

ಅತ್ತೆಯವರು ತಲೆ ಬಾಚಿಕೊಂಡು, ತೊಳೆದಿಟ್ಟ ಸೀರೆಯುಟ್ಟು ಪಡಸಾಲೆಯಲ್ಲಿ ಕಾಯುತ್ತಿದ್ದರು. ಬರುವ ಹಾಗೆ ಕಾಣುವುದಿಲ್ಲ ಎಂದು ಹೇಳಿದೆ. ಅವಳು ಕೇಳಿದ ಪ್ರಶ್ನೆಯನ್ನೂ ಮುಚ್ಚಿಡದೆ ಹೇಳಿದೆ. ಅವರು ಬಹಳ ಹೊತ್ತು ತಮ್ಮ ಎಡಗೈಯ ಬೆರಳುಗಳನ್ನು ಬಲಗೈಯಿಂದ ಸವರಿಕೊಳ್ಳುತ್ತ ಕೂತರು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಕೇಳದೆ ಹೊಸ್ತಿಲು ದಾಟಿದವರಲ್ಲ ಅವರು. ಆಮೇಲೆ ನನ್ನನ್ನು ಹತ್ತಿರ ಕರೆದರು. ನಮ್ಮನೆಯವರು ಅಂಗಡಿಯಲ್ಲಿದ್ದರು, ಶ್ರುತಿ ಧಾರವಾಡಕ್ಕೆ ಮರಳಿದ್ದಳು, ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

“ನಾ ಹೋಗಿ ಕರದ್ರ ಬಂದಾಳು. ಲಕ್ಷ್ಮೇಶ್ವರಕ್ಕ ಮುಂಜಾನಿ ಬಸ್ಸು ಎಷ್ಟಕ್ಕೈತಿ?” ಎಂದು ಕೇಳಿದರು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಪಿಸುಮಾತಿನಲ್ಲಿ.