ಕತ್ಬರ್ಟನ ಪಾರಿವಾಳಗಳು ದುಡಿಯಲು ಹೋದದ್ದು

ಉತ್ತರದ ನಮ್ಮ ಡರ್ಹಮ್ ಸೀಮೆಯ ಕಲ್ಲಿದ್ದಲು ಗಣಿ ಮುಚ್ಚಿ ಆರು ವರ್ಷವಾದ ಮೇಲೆ ನಮ್ಮ ಸಾಲುಮನೆಯಲ್ಲಿ ಒಬ್ಬನಿಗೆ ಕೆಲಸ ಸಿಕ್ಕಿತು. ಪಕ್ಕದ ಮನೆಯ ಕತ್ಬರ್ಟ್ ರೇನ್‌ಗೆ, ದೂರದ ದಕ್ಷಿಣದ ಬಿಸ್ಕತ್ತು ಕಾರ್ಖಾನೆಯಲ್ಲಿ. ಅಷ್ಟರೊಳಗೆ ಸರ್ಕಾರ ಅವನಿಗೆ ಟೈಪಿಂಗು, ತೋಟಗಾರಿಕೆ, ಕ್ಷೌರ ಎಲ್ಲವನ್ನೂ ಕಲಿಸಿ ಸುಸ್ತಾಗಿತ್ತು. ಕ್ಷೌರ ಕಲಿಯಲು ತಲೆ ಕೊಟ್ಟವನು ನಾನು. ಇಂದಿಗೂ ಟೋಪಿ ತೆಗೆಯುವುದಿಲ್ಲ.

ಮೂರು ತಿಂಗಳು ತಾಳಿದರೆ ಕೆಲಸ ಕಾಯಂ. ಮನೆ ಮಾರಿ ಹೆಂಡತಿ ಡೊರೀನ್ ಹಿಂದೆಯೇ ಹೋಗುವುದೆಂದು ಮಾತಾಯಿತು. ಬಾಗಿಲಿಗೆ ‘ಮಾರಾಟಕ್ಕಿದೆ’ ಹಲಗೆ ಬಿತ್ತು. ಅಂಥ ಹಲಗೆ ಬೀದಿಯಲ್ಲಿ ಮನೆಗೊಂದಿತ್ತು. ಕೊಳ್ಳುವವನೊಬ್ಬ ಬೇಕಿತ್ತು, ಅಷ್ಟೆ.

ಕತ್ಬರ್ಟ್ ತನ್ನ ಆರು ಪಾರಿವಾಳಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೊರಟ.

“ಲೋ, ಬಿಟ್ರೆ ಇಲ್ಲಿಗೇ ಬರ್ತಾವೆ ಕಣೋ,” ಎಂದೆ.

“ಬಿಡೋರ್ಯಾರು? ಜೊತೆಗಿರ್ಲಿ ಅಂತ.”

ಮೊದಲ ಶನಿವಾರವೇ ಒಂದು ಬಂದು ಅವನ ಹಿತ್ತಲಿನ ಗೂಡಿನ ಮೇಲೆ ಕೂತಿತು.

“ತಪ್ಪಿಸ್ಕೊಂಡಿರ್ಬೇಕು,” ಎಂದಳು ಡೊರೀನ್. ಮುಂದಿನ ಶನಿವಾರ ಇನ್ನೊಂದು ಬಂತು. ಅವಳು ಎರಡನ್ನೂ ದಕ್ಷಿಣಕ್ಕೆ ಹೋಗುವ ಮೀನಿನ ಲಾರಿಯಲ್ಲಿ ವಾಪಸು ಕಳಿಸಿದಳು. ಅವು ಮೀನು ನಾರುತ್ತಾ ಮತ್ತೆ ಬಂದವು, ಮೂರನೆಯದನ್ನೂ ಕರೆದುಕೊಂಡು. ಹೀಗೇ ವಾರಗಟ್ಟಲೆ ನಡೆಯಿತು. ಆ ವರ್ಷ ನಮ್ಮ ಬೀದಿಯಲ್ಲಿ ಬಿಡುವಿಲ್ಲದೆ ದುಡಿದವು ಆ ಹಕ್ಕಿಗಳೇ.

ಕೊನೆಗೆ ಡೊರೀನ್ ಫೋನಿದ್ದ ನಮ್ಮ ಗಣಿಯವರ ಕ್ಲಬ್ಬಿಗೆ ಬಂದು, ಅವನು ಬಾಡಿಗೆಗಿದ್ದ ಮನೆಯೊಡತಿಗೆ ಫೋನ್ ಹಚ್ಚಿದಳು. “ಆ ಬುಟ್ಟಿಗೆ ಬೀಗ ಹಾಕಿಬಿಡಿ,” ಎಂದು ಗದರಿದಳು. ಆಚೆಯಿಂದ ಆಕೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು: “ಹೇಗಮ್ಮಾ ಹಾಕ್ಲಿ? ನಿಮ್ಮವರೇ ಹಿತ್ತಲಲ್ಲಿ ನಿಂತು ಒಂದೊಂದನ್ನೇ ಹಾರಿಸ್ತಾರೆ. ಅದು ಕಣ್ಮರೆ ಆಗೋತನಕ ಅಳ್ತಾರೆ.”

ಡೊರೀನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆಮೇಲೆ, “ಉಳಿದವನ್ನೂ ಬಿಟ್ಟು ಬಂದ್ಬಿಡೋಕೆ ಹೇಳಿ,” ಎಂದಳು. ಕೆಲಸ ಕಾಯಂ ಆಗಲು ಎರಡೇ ವಾರ ಬಾಕಿಯಿತ್ತು. ನನಗೆ ಸಂಕಟವಾಯಿತು, ಸಂತೋಷವೂ ಆಯಿತು.

ಶನಿವಾರದ ಹೊತ್ತಿಗೆ ಆರೂ ಹಕ್ಕಿಗಳು ಗೂಡು ಸೇರಿದ್ದವು. ಭಾನುವಾರ ಬಸ್ಸಿನಲ್ಲಿ ಕತ್ಬರ್ಟ್ ಬಂದ. ಬಂದವನು ಹೆಂಡತಿಗಿಂತ ಮೊದಲು ಗೂಡು ನೋಡಿದ. ಹಕ್ಕಿಗಳು ಬಂದಿಳಿಯುವ ಕಡೆ ಡೊರೀನ್ ಹೊಸ ಹಲಗೆ ಹೊಡೆದಿದ್ದಳು. ‘ಮಾರಾಟಕ್ಕಿದೆ’ ಎಂದು ಬರೆದ ಬದಿ ಕೆಳಗಿತ್ತು.

“ಮನೆ ಮಾರಲ್ವೇನೇ?”

“ಬಿಸ್ಕತ್ತಾದ್ರೂ ತಂದ್ಯೋ ಇಲ್ವೋ ಹೇಳು,” ಎಂದಳು ಡೊರೀನ್, ಕಣ್ಣೊರೆಸಿಕೊಳ್ಳುತ್ತಾ. ತಂದಿದ್ದ. ಎಲ್ಲವೂ ಪುಡಿಯಾಗಿತ್ತು, ಹಕ್ಕಿಗಳಿಗೆ ಹಾಕಿದರು.

ಸೋಮವಾರ ನಿರುದ್ಯೋಗ ಭತ್ಯೆಯ ಸಾಲಿಗೆ ಅವನೂ ಬಂದ. ಅವನು ಹೋದಾಗಿನಿಂದ ನನ್ನ ಮುಂದೆ ಅವನ ಜಾಗವನ್ನು ಹಾಗೇ ಬಿಟ್ಟುಕೊಂಡೇ ನಿಲ್ಲುತ್ತಿದ್ದೆವು. ನೇರವಾಗಿ ಅದರಲ್ಲಿ ಬಂದು ನಿಂತ.