ಜಿ.ಆರ್.ಇ. ನಡೆಯುವಾಗ ಜನರೇಟರ್ ಎರಡು ಸಲ ನಿಂತದ್ದು

1999ರ ಅಕ್ಟೋಬರ್ ತಿಂಗಳಲ್ಲಿ ನಾನು ಚೆನ್ನೈನ ಗಿಂಡಿಯಲ್ಲಿದ್ದ ಒಂದು ಕಂಪ್ಯೂಟರ್ ಪರೀಕ್ಷಾ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಮತ್ತು ಜನರೇಟರ್ ಆಪರೇಟರ್ ಆಗಿದ್ದೆ. ಆಗ ನನಗೆ ನಲವತ್ತೊಂದು ವರ್ಷ. ಓದಿದ್ದು ಕೊಳ್ಳೇಗಾಲದಲ್ಲಿ ಎಂಟನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಹದಿನೈದನೇ ವಯಸ್ಸಿಗೆ ಗಿಂಡಿ ಕೈಗಾರಿಕಾ ಎಸ್ಟೇಟಿನ ಮೋಟಾರ್ ವೈಂಡಿಂಗ್ ಶೆಡ್ಡಿಗೆ ಸೇರಿ, ತಾಮ್ರದ ತಂತಿ ಸುತ್ತುತ್ತಲೇ ಮೋಟಾರು, ಡೀಸೆಲ್ ಇಂಜಿನ್ನು, ಯು.ಪಿ.ಎಸ್. ಎಲ್ಲವನ್ನೂ ಕಲಿತೆ. ಸರ್ಟಿಫಿಕೇಟ್ ಒಂದೂ ಇಲ್ಲ. ಆದರೆ ನಾನು ಕೈಯಿಟ್ಟ ಮೇಲೆ ಇನ್ನೊಬ್ಬರನ್ನು ಕರೆಸಬೇಕಾದ ಯಂತ್ರ ಆ ಕಟ್ಟಡದಲ್ಲಿ ಇರಲಿಲ್ಲ. ಇದನ್ನು ಜಂಬ ಎಂದುಕೊಂಡರೂ ನನಗೇನೂ ಬೇಜಾರಿಲ್ಲ.

ನಮ್ಮ ಕೇಂದ್ರದಲ್ಲಿ ಮುಖ್ಯವಾಗಿ ನಡೆಯುತ್ತಿದ್ದದ್ದು ಜಿ.ಆರ್.ಇ. ಎಂಬ ಪರೀಕ್ಷೆ. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್., ಪಿಎಚ್.ಡಿ. ಮಾಡಬೇಕೆಂದರೆ ಅದರ ಅಂಕ ಬೇಕು. ಆಗ ತಾನೇ ಅದು ಕಾಗದದಿಂದ ಕಂಪ್ಯೂಟರಿಗೆ ಬಂದಿತ್ತು. ಒಂದು ಪ್ರಶ್ನೆಗೆ ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟದ್ದು ಬರುತ್ತದೆ, ತಪ್ಪಿದರೆ ಸುಲಭದ್ದು. ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಗಡಿಯಾರ ಪರದೆಯ ಮೇಲೆಯೇ ಓಡುತ್ತಿರುತ್ತದೆ. ಅಂಥ ಪರೀಕ್ಷೆಯ ನಡುವೆ ಸರ್ವರ್, ಅಂದರೆ ಎಲ್ಲ ಕಂಪ್ಯೂಟರುಗಳನ್ನು ನಡೆಸುವ ದೊಡ್ಡ ಕಂಪ್ಯೂಟರು, ಆರಿಹೋದರೆ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದು ಆರದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಕರೆಂಟ್ ಹೋದ ಕೂಡಲೇ ಯು.ಪಿ.ಎಸ್. ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ಹತ್ತು ಬ್ಯಾಟರಿ, ಸೇರಿ 120 ವೋಲ್ಟ್. ಮೀಟರ್ 105ಕ್ಕೆ ಇಳಿದರೆ ಅದು ತಾನಾಗಿಯೇ ಆಫ್ ಆಗುತ್ತದೆ. ಅಷ್ಟರೊಳಗೆ ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದ ಡೀಸೆಲ್ ಜನರೇಟರನ್ನು ನಾನು ಓಡಿಸಬೇಕು. ಎ.ಸಿ. ಮಾತ್ರ ಯು.ಪಿ.ಎಸ್.ಗೆ ಸೇರಿರಲಿಲ್ಲ.

ಆ ದಿನ ಆಯುಧಪೂಜೆ ಕಳೆದು ಎರಡು ದಿನವಾಗಿತ್ತು. ರಜೆ ಮುಗಿದ ಮೇಲಿನ ಮೊದಲ ಪರೀಕ್ಷೆ. ಬೆಳಿಗ್ಗೆಯಿಂದ ಮಳೆ. ಎಂಟು ಗಂಟೆಗೆ ಜನರೇಟರನ್ನು ವಾಡಿಕೆಯಂತೆ ಎರಡು ನಿಮಿಷ ಓಡಿಸಿ ನೋಡಿದೆ. ಒಂದೇ ಸಲಕ್ಕೆ ಹಿಡಿಯಿತು. ಒಳಗೆ ಬಂದು ರಿಸೆಪ್ಷನ್‌ನ ಟ್ಯೂಬ್‌ಲೈಟ್ ಬದಲಾಯಿಸುತ್ತಿದ್ದಾಗ ಏಣಿಯ ಕೆಳಗೆ ಕನ್ನಡ ಕೇಳಿಸಿತು.

"ಟೆನ್ಷನ್ ಮಾಡ್ಕೋಬೇಡ ಕಣಮ್ಮಾ. ಬಂದಷ್ಟು ಬರಲಿ."

"ಸರಿಪ್ಪಾ. ನೀಂಗ ಮೊದಲ್ಲ ಉಟ್ಕಾರುಂಗ," ಎಂದು ಮಗಳು ತಮಿಳಿನಲ್ಲಿ ಅಪ್ಪನಿಗೆ ಕೂರಲು ಹೇಳಿದಳು.

ಇಳಿದು ಬಂದು ಮಾತಾಡಿಸಿದೆ. ಅವರು ರಾಮಚಂದ್ರಯ್ಯ. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಮೈಸೂರು ಬಿಟ್ಟು ಮೂವತ್ತು ವರ್ಷವಾಯಿತಂತೆ. ಮಗಳು ಸುಮಾ, ಇಪ್ಪತ್ತೆಂಟು ವರ್ಷ, ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಕೊಳಚೆ ನೀರನ್ನು ಶುದ್ಧ ಮಾಡುವ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂದು ನಾಲ್ಕು ಕಡೆ ಅರ್ಜಿ ಹಾಕುತ್ತಿದ್ದಳು. ನಾಲ್ಕಕ್ಕೂ ಡಿಸೆಂಬರ್ ಕಡೆಯ ಗಡುವು. ಹಿಂದಿನ ವರ್ಷ ಅಂಕ ಸಾಲದೆ ಎಲ್ಲೂ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ಅರ್ಜಿ ಹಾಕುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಳಂತೆ.

"ಇವತ್ತು ತಪ್ಪಿದರೆ ಜನವರಿವರೆಗೆ ಎಲ್ಲೂ ಸೀಟಿಲ್ಲ ಅಂತಾರೆ ಕಣ್ರೀ," ಎಂದರು. ನಾನು, ನನ್ನ ಕೈಯಲ್ಲಿ ಕರೆಂಟ್ ಇರುವವರೆಗೆ ಯಾವುದೂ ತಪ್ಪುವುದಿಲ್ಲ ಎಂದು ಎದೆ ಉಬ್ಬಿಸಿಯೇ ಹೇಳಿದೆ.

ಒಂಬತ್ತಕ್ಕೆ ಎಂಟು ಜನ ಒಳಗೆ ಹೋದರು. ಒಂಬತ್ತೂ ನಲವತ್ತಕ್ಕೆ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಅರ್ಧ ನಿಮಿಷದಲ್ಲಿ ನಾನು ಶೆಡ್ಡಿನಲ್ಲಿದ್ದೆ, ಇನ್ನರ್ಧ ನಿಮಿಷಕ್ಕೆ ಜನರೇಟರ್ ಓಡುತ್ತಿತ್ತು. ಒಳಗೆ ಎ.ಸಿ. ಕೂಡ ಮತ್ತೆ ಶುರುವಾಯಿತು. ನಾನು ಕೈ ಒರೆಸಿಕೊಂಡೆ.

ಹತ್ತೂ ಹತ್ತಕ್ಕೆ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಕೆಮ್ಮಿ ನಿಂತರೆ ಡೀಸೆಲ್ ಬರುತ್ತಿಲ್ಲ ಎಂದರ್ಥ. ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಹೀಗಾಗುತ್ತದೆ. ನಾವು ಅದಕ್ಕೆ ಏರ್ ಲಾಕ್ ಎನ್ನುತ್ತೇವೆ. ಫಿಲ್ಟರಿನ ಬೋಲ್ಟ್ ಸಡಿಲಿಸಿ ಕೈ ಪಂಪು ಒತ್ತಿದೆ. ಗುಳ್ಳೆ ಗುಳ್ಳೆಯಾಗಿ ಬಂತು. ನಾನು ಅಂದುಕೊಂಡದ್ದೇ ಸರಿ ಎಂದು ಖಾತ್ರಿಯಾಯಿತು. ಗುಳ್ಳೆ ನಿಲ್ಲುವವರೆಗೆ ಒತ್ತಿ, ಬೋಲ್ಟ್ ಬಿಗಿ ಮಾಡಿ, ಸ್ಟಾರ್ಟ್ ಮಾಡಿದೆ. ಹಿಡಿಯಿತು. ಎಂಟು ನಿಮಿಷ ಹೋಗಿತ್ತು. ಒಳಗೆ ಹೋಗಿ ನೋಡಿದೆ, ಬ್ಯಾಟರಿ ಮೀಟರ್ 114ರಲ್ಲಿತ್ತು.

ಅದು ಓಡಿದ್ದು ಹತ್ತೇ ನಿಮಿಷ. ಮತ್ತೆ ಅದೇ ಕೆಮ್ಮು, ಮತ್ತೆ ಮೌನ. ತಗಡಿನ ಮೇಲೆ ಮಳೆಯ ಸದ್ದು ಮಾತ್ರ.

ಈಗ ಮ್ಯಾನೇಜರ್ ಗೋಪಾಲನ್ ಕೊಡೆಯಿಲ್ಲದೆ ಓಡಿ ಬಂದರು. ಒಳ್ಳೆಯ ಮನುಷ್ಯ, ಆದರೆ ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದವರು. ವಿದ್ಯುತ್ತಿಗೆ ಭರವಸೆ ಇಲ್ಲದಿದ್ದರೆ ಪರೀಕ್ಷೆ ನಿಲ್ಲಿಸಬೇಕು, ಎಲ್ಲರನ್ನೂ ಮನೆಗೆ ಕಳುಹಿಸಿ ಬೇರೆ ದಿನ ಕೊಡಬೇಕು ಎಂಬುದು ನಿಯಮ. ಬೇರೆ ದಿನ ಎಂದರೆ ಜನವರಿ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

"ಸ್ವಾಮಿ, ಮುಡಿಯುಮಾ, ಮುಡಿಯಾದಾ?" ಎಂದು ಪುಟ್ಟಸ್ವಾಮಿ ಎಂಬ ನನ್ನ ಹೆಸರನ್ನು ಅರ್ಧ ಮಾಡಿ ತಮಿಳಿನಲ್ಲಿ ಕೇಳಿದರು. ಆಗುತ್ತೋ ಇಲ್ಲವೋ, ಒಂದೇ ಮಾತು ಹೇಳು.

ಆಗುತ್ತದೆ, ಐದು ನಿಮಿಷ ಕೊಡಿ ಎಂದೆ. ಖಾಲಿ ಇರುವ ನಾಲ್ಕು ಕಂಪ್ಯೂಟರು, ರಿಸೆಪ್ಷನ್, ಪ್ರಿಂಟರು ಎಲ್ಲ ಆಫ್ ಮಾಡಿಸಿ ಎಂದೂ ಹೇಳಿದೆ. ಆ ಕಾಲದ ದಪ್ಪ ಮಾನಿಟರುಗಳು ಖಾಲಿ ಕೂತರೂ ಕರೆಂಟ್ ತಿನ್ನುತ್ತಿದ್ದವು. ಅವರು ಗಡಿಯಾರ ನೋಡಿಕೊಂಡು ಒಳಗೆ ಓಡಿದರು. ಬಾಯಲ್ಲಿ ಹೇಳಿದೆನೇ ಹೊರತು ಏನು ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ. ಗಾಳಿ ತೆಗೆದಾಗಿದೆ. ಫಿಲ್ಟರ್ ಹೊಸದು. ಪಂಪು ಸರಿಯಾಗಿದೆ. ಹಾಗಾದರೆ ಗಾಳಿ ಎಲ್ಲಿಂದ ಬಂತು? ಸ್ಪ್ಯಾನರ್ ಹಿಡಿದು ಪೈಪಿನ ಜಾಯಿಂಟುಗಳನ್ನು ಒಂದೊಂದಾಗಿ ನೋಡಿದೆ, ಎಲ್ಲವೂ ಬಿಗಿಯಾಗಿದ್ದವು.

ಶೆಡ್ಡಿನ ಬಾಗಿಲಲ್ಲಿ ರಾಮಚಂದ್ರಯ್ಯ ಕೊಡೆ ಹಿಡಿದು ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಹೂವಿನ ಹಾರ, ಕುಂಕುಮ, ಗಂಧ ಎಲ್ಲ ಇನ್ನೂ ಮೈಮೇಲಿದ್ದ ಇಂಜಿನ್ನನ್ನು ನೋಡುತ್ತಾ, "ಏನ್ರೀ, ಉತ್ಸವಮೂರ್ತಿ ಥರ ಅಲಂಕಾರ ಮಾಡಿದೀರ. ಪಲ್ಲಕ್ಕಿ ಹೊರೋ ಜನ ಬರಲಿಲ್ಲ ಅಂತ ಕೂತುಬಿಟ್ಟಿತಾ?" ಎಂದರು. ಹೆದರಿಕೆಯನ್ನು ತಮಾಷೆಯಲ್ಲಿ ಮುಚ್ಚಿಕೊಳ್ಳುವ ಜಾತಿಯ ಮನುಷ್ಯ.

"ಡೀಸೆಲ್ ಇದೆ ತಾನೇ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಸೈಕಲ್ ರಿಪೇರಿ ಮಾಡುವವನೂ ಮೊದಲು ನೋಡುವುದು ಅದನ್ನೇ. ಪೂಜೆಯ ದಿನ ನಾನೇ ಕ್ಯಾನಿನಿಂದ ಸುರಿದು ಮುಕ್ಕಾಲು ಟ್ಯಾಂಕ್ ಮಾಡಿದ್ದೆ.

"ಬಂದು ನೀವೇ ನೋಡಿ ಸಾರ್. ಕಣ್ಣಾರೆ ನೋಡಿ, ಆಮೇಲೆ ಮಾತಾಡಿ," ಎಂದು ಟ್ಯಾಂಕಿನ ಮುಚ್ಚಳವನ್ನು ಕೋಪದಲ್ಲಿ ತಿರುಗಿಸಿದೆ.

ಮುಚ್ಚಳ ಸುಲಭವಾಗಿ ಬರಲಿಲ್ಲ. ಯಾರೋ ಒಳಗಿನಿಂದ ಹಿಡಿದೆಳೆದ ಹಾಗಿತ್ತು. ಬಲ ಹಾಕಿ ತಿರುಗಿಸಿದಾಗ ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಆ ಸದ್ದು ಕೇಳಿದ್ದೇ ನನಗೆ ಎಲ್ಲವೂ ಅರ್ಥವಾಯಿತು.

ಟ್ಯಾಂಕಿನ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಡೀಸೆಲ್ ಕಡಿಮೆಯಾದ ಹಾಗೆಲ್ಲ ಅದರಿಂದ ಗಾಳಿ ಒಳಗೆ ಬಂದು ಜಾಗ ತುಂಬಬೇಕು. ಅದು ಮುಚ್ಚಿದರೆ ಒಳಗೆ ನಿರ್ವಾತವಾಗಿ ಡೀಸೆಲ್ ಕೆಳಗಿಳಿಯುವುದೇ ನಿಲ್ಲುತ್ತದೆ. ಎರಡು ನಿಮಿಷ ಓಡಿಸಿದರೆ ಇದು ಗೊತ್ತಾಗುವುದಿಲ್ಲ, ಅರ್ಧ ಗಂಟೆ ಬೇಕು. ನಾನು ಬೋಲ್ಟ್ ಸಡಿಲಿಸಿದಾಗ ಕಂಡ ಗುಳ್ಳೆಗಳು ಆ ನಿರ್ವಾತವೇ ಹೊರಗಿನಿಂದ ಎಳೆದುಕೊಂಡ ಗಾಳಿ. ಮುಚ್ಚಳದ ಮೇಲೆ, ಸರಿಯಾಗಿ ನಡುವೆ, ರೂಪಾಯಿಯಗಲ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ, ಒಣಗಿ ಸಿಮೆಂಟಿನಂತಾಗಿತ್ತು. ಇಟ್ಟವನು ನಾನೇ. ಬೊಟ್ಟು ಒಂದು ಕೂದಲೆಳೆಯೂ ಆಚೀಚೆ ಆಗಬಾರದೆಂದು ಉಸಿರು ಬಿಗಿಹಿಡಿದು ಇಟ್ಟಿದ್ದೆ.

ಕೆರೆಯಲು ಸಮಯವಿರಲಿಲ್ಲ. ಪೈಪಿನ ಗಾಳಿ ಮತ್ತೊಮ್ಮೆ ತೆಗೆದೆ. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಸ್ಟಾರ್ಟ್ ಮಾಡಿದೆ. ಒಳಗಿನಿಂದ ಗೋಪಾಲನ್ ಮೀಟರ್ 107 ಎಂದು ಕೂಗುತ್ತಿದ್ದರು. ಇಂಜಿನ್ ಹಿಡಿಯಿತು. ಹತ್ತು ನಿಮಿಷ ಆಯಿತು, ಹದಿನೈದಾಯಿತು, ನಿಲ್ಲಲಿಲ್ಲ. ಅಷ್ಟರಲ್ಲಿ ಟ್ಯಾಂಕಿನ ಮೇಲಿನ ತಗಡು ಸೋರಲು ಶುರುವಾಯಿತು. ನೀರು ಒಳಗೆ ಬಿದ್ದರೆ ಇನ್ನೊಂದು ಕಥೆ. ರಾಮಚಂದ್ರಯ್ಯ ಯಾರೂ ಹೇಳದೆಯೇ ತಮ್ಮ ಕೊಡೆಯನ್ನು ಟ್ಯಾಂಕಿನ ಮೇಲೆ ಹಿಡಿದರು. ತಾವು ನೆನೆಯುತ್ತಾ ನಿಂತಿದ್ದರು. ನಾನು ತಂತಿಯ ತುದಿಯಿಂದ ತೂತು ಬಿಡಿಸಿ ಮುಚ್ಚಳ ಹಾಕಿದ ಮೇಲೂ ಅವರು ಕೊಡೆ ಮಡಿಸಲಿಲ್ಲ.

"ಇರಲಿ ಕಣ್ರೀ. ದೇವರನ್ನು ನಂಬಬಹುದು, ನಿಮ್ಮನ್ನ ಈಗ ನಂಬೋ ಹಾಗಿಲ್ಲ," ಎಂದರು. ನಾನೂ ನಕ್ಕುಬಿಟ್ಟೆ.

ಒಂದು ಗಂಟೆಗೆ ಪರೀಕ್ಷೆ ಮುಗಿಯಿತು. ಎಂಟು ಪರದೆಗಳಲ್ಲಿ ಒಂದೂ ಮಿಣುಕಿರಲಿಲ್ಲ. ಆಗೆಲ್ಲ ಅಂಕ ಅಲ್ಲೇ ಪರದೆಯ ಮೇಲೆ ಬರುತ್ತಿತ್ತು. ಸುಮಾ ಹೊರಗೆ ಬಂದು ಅಪ್ಪನನ್ನು ನೋಡಿ ಬೆರಗಾದಳು. ತಲೆಯಿಂದ ಕಾಲಿನವರೆಗೆ ಒದ್ದೆ, ಅಂಗಿಯ ತುಂಬ ಡೀಸೆಲ್ ಕಲೆ.

"ಎಷ್ಟಮ್ಮಾ?" ಎಂದರು ಅವರು.

"ಟ್ವೆಂಟಿ ಒನ್ ಥರ್ಟಿಪ್ಪಾ." ಎರಡು ಸಾವಿರದ ನಾನೂರಕ್ಕೆ ಎರಡು ಸಾವಿರದ ನೂರ ಮೂವತ್ತು. ಹಿಂದಿನ ಸಲಕ್ಕಿಂತ ಮುನ್ನೂರ ನಲವತ್ತು ಹೆಚ್ಚು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾಗಿ ಪದ ಹುಡುಕುತ್ತಾ ಕನ್ನಡದಲ್ಲಿ, "ಎ.ಸಿ. ಆವಾಗಾವಾಗ ನಿಂತ್ಕೊಳ್ತಾ ಇತ್ತಲ್ಲ ಅಂಕಲ್, ಯಾಕೆ?" ಎಂದು ಕೇಳಿದಳು. ಅವಳಿಗೆ ಗೊತ್ತಾದದ್ದು ಅಷ್ಟೇ. ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಆದರೆ ದಿನ ಅಲ್ಲಿಗೆ ಮುಗಿಯಲಿಲ್ಲ. ಜನರೇಟರ್ ನಿಂತದ್ದಕ್ಕೆ ಹೆಡ್ ಆಫೀಸಿಗೆ ವರದಿ ಹೋಗಬೇಕಿತ್ತು. ಗೋಪಾಲನ್ ಏರ್ ಲಾಕ್ ಎಂದು ಬರೆಯಲು ಪೆನ್ನು ತೆಗೆದಿದ್ದರು. ಹಾಗೆ ಬರೆದರೆ ಯಾರೂ ಏನೂ ಕೇಳುವುದಿಲ್ಲ, ನಿನ್ನ ಕೆಲಸಕ್ಕೂ ತೊಂದರೆ ಇಲ್ಲ ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದ ಮಾತು. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಓದು ಇಲ್ಲದವನಿಗೆ ಕೆಲಸ ಗೊತ್ತು ಎಂದು ಇಪ್ಪತ್ತಾರು ವರ್ಷ ತಲೆಯೆತ್ತಿ ಓಡಾಡಿದವನು, ಗೊತ್ತಿದ್ದ ಕಾರಣವನ್ನು ಬಿಟ್ಟು ಬೇರೆ ಕಾರಣ ಬರೆಸಬಾರದು.

"ಬೊಟ್ಟಿಟ್ಟಿದ್ದು ನನ್ನ ಕೈ ಸಾರ್. ಅದನ್ನೇ ಬರೀರಿ," ಎಂದೆ.

ಹಾಗಾದರೆ ನೀನೇ ಬರೆದುಕೊಡು ಎಂದರು. ನನಗೆ ಬರುವುದು ಕನ್ನಡ ಅಕ್ಷರ ಮಾತ್ರ, ಅವರಿಗೆ ಬೇಕಾದದ್ದು ಇಂಗ್ಲಿಷು. ನಾಲ್ಕು ಗಂಟೆ ಪರೀಕ್ಷೆ ಬರೆದು ಬಂದಿದ್ದ ಸುಮಾ ಮತ್ತೆ ಕುರ್ಚಿ ಎಳೆದುಕೊಂಡು ಕೂತಳು. ನಾನು ಹೇಳಿದೆ, ಅವಳು ಬರೆದಳು. ಎರಡು ಸಲ ನನ್ನನ್ನು ತಡೆದು, ಗಾಳಿ ಹೋಗುವ ದಾರಿ ಯಾವುದು, ಡೀಸೆಲ್ ಹೋಗುವ ದಾರಿ ಯಾವುದು ಎಂದು ಚಿತ್ರ ಬರೆಸಿಕೊಂಡಳು. ಆ ಚಿತ್ರವನ್ನೂ ವರದಿಗೆ ಸೇರಿಸಿದಳು. ಕೆಳಗೆ ನಾನು ಕನ್ನಡದಲ್ಲಿ ಪುಟ್ಟಸ್ವಾಮಿ ಎಂದು ಸಹಿ ಹಾಕಿದೆ.

ಮೂರು ವಾರದ ಮೇಲೆ ಹೆಡ್ ಆಫೀಸಿನಿಂದ ಉತ್ತರ ಬಂತು. ನನ್ನನ್ನು ತೆಗೆಯುವ ಮಾತು ಅದರಲ್ಲಿ ಇರಲಿಲ್ಲ. ಇನ್ನು ಮೇಲೆ ಎಲ್ಲ ಕೇಂದ್ರಗಳಲ್ಲೂ ಪರೀಕ್ಷೆಗೆ ಮುಂಚೆ ಜನರೇಟರನ್ನು ಪೂರ್ತಿ ಲೋಡ್ ಹಾಕಿ, ಅಂದರೆ ಎ.ಸಿ., ಕಂಪ್ಯೂಟರ್ ಎಲ್ಲವನ್ನೂ ಅದರ ಮೇಲೆ ಓಡಿಸಿ, ನಲವತ್ತೈದು ನಿಮಿಷ ನೋಡಬೇಕು ಎಂಬ ಆದೇಶವಿತ್ತು. ಜೊತೆಗೆ ನನ್ನ ಚಿತ್ರದ ನಕಲು. ಗೋಪಾಲನ್ ಅದನ್ನು ಓದಿ, ಎಂಟನೇ ಕ್ಲಾಸಿನವನ ಪಾಠವನ್ನು ಇಂಜಿನಿಯರುಗಳು ಓದುವ ಕಾಲ ಬಂತು ಎಂದು ಎಲ್ಲರ ಮುಂದೆ ರೇಗಿಸಿದರು. ನಾನು ಅದನ್ನು ರೇಗಿಸುವಿಕೆ ಎಂದು ತೆಗೆದುಕೊಳ್ಳಲಿಲ್ಲ.

ಮಾರ್ಚ್ ಕೊನೆಯಲ್ಲಿ ರಾಮಚಂದ್ರಯ್ಯ ಒಬ್ಬರೇ ಕೇಂದ್ರಕ್ಕೆ ಬಂದರು. ನಾಲ್ಕರಲ್ಲಿ ಮೂರು ಕಡೆ ಸುಮಾಗೆ ಸೀಟು ಸಿಕ್ಕಿತ್ತು, ಒಂದು ಕಡೆ ಪೂರ್ತಿ ಸ್ಕಾಲರ್‌ಶಿಪ್. ಪತ್ರವನ್ನು ಮಡಿಕೆ ಬಿಡಿಸಿ ನನಗೆ ತೋರಿಸಿದರು. ನನಗೆ ಇಂಗ್ಲಿಷ್ ಓದಲು ಬಾರದೆಂದು ಗೊತ್ತಿದ್ದರೂ ಪೂರ್ತಿ ಕೈಗೆ ಕೊಟ್ಟು, ನಾನು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಮುಗಿಸುವ ತನಕ ಕಾದರು.

ಆಮೇಲೂ ಹದಿನೆಂಟು ವರ್ಷ ನಾನು ಇದೇ ಕೆಲಸ ಮಾಡಿದೆ. ಪ್ರತಿ ವರ್ಷ ಪೂಜೆ ಮಾಡಿದೆ, ಪ್ರತಿ ಯಂತ್ರಕ್ಕೂ ಬೊಟ್ಟಿಟ್ಟೆ, ಜಾಗ ನೋಡಿ ಇಟ್ಟೆ. ಕೆಲಸ ಗೊತ್ತಿರುವವನಿಗೆ ಅವನ ಕೈಯೇ ಕಣ್ಣಿಗೆ ಅಡ್ಡ ಬರುತ್ತದೆ. ತಾನು ಮಾಡಿದ್ದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅವನು ಅನುಮಾನಿಸುತ್ತಾನೆ. ಗೊತ್ತಿಲ್ಲದವರು ಬಂದು ಕೇಳುವ ಪ್ರಶ್ನೆಗೆ ಈಗ ನನಗೆ ಕೋಪ ಬರುವುದಿಲ್ಲ ಎಂದರೆ ಸುಳ್ಳಾದೀತು, ಬರುತ್ತದೆ. ಆದರೆ ಮೊದಲು ಮುಚ್ಚಳ ತೆಗೆಯುತ್ತೇನೆ. ಬಾಯಿ ಆಮೇಲೆ.