ಅಕ್ಕನ ತಲೆಗೆ ಕಟ್ಟಿದ ನೆಗ್ಗು

ಭಾವನ ಹಳೆಯ ಕಾರಿನ ಸ್ಟೀಲ್ ಪಟ್ಟಿಯನ್ನು ನೆಗ್ಗಿಸಿದವನು ನಾನು. ಅಕ್ಕ ಅಲ್ಲ, ಪೂಜೆ ಪೆಂಡಾಲಿನ ಬಿದಿರೂ ಅಲ್ಲ — ನಾನು, ಹಾಡಹಗಲಲ್ಲಿ, ಒಂದು ತೆಂಗಿನಕಾಯಿಯಿಂದ. ಓದುವವರಿಗೆ ನಗು ಬಂದರೆ ನಗಲಿ. ನನಗೂ ಎಷ್ಟೋ ಸಲ ಬಂದಿದೆ. ಆಮೇಲೆ ಅಕ್ಕನ ಮುಖ ನೆನಪಾಗಿ ನನ್ನ ಮೇಲೆ ನನಗೇ ರೇಗಿದೆ. ಇಷ್ಟು ಚಿಲ್ಲರೆ ವಿಷಯವನ್ನು ಇಷ್ಟು ವರ್ಷ ಬಚ್ಚಿಡಬೇಕಾಗಿತ್ತೇ? ಆವತ್ತೇ ಬಾಯಿ ಬಿಟ್ಟಿದ್ದರೆ ಒಂದಿಷ್ಟು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಬಿಡಲಿಲ್ಲ.

ನಾವು ಧಾರವಾಡದ ಕಡೆಯವರು. ಭಾವ ರೈಲ್ವೆ ನೌಕರಿಯ ಮೇಲೆ ಕೋಲ್ಕತ್ತಕ್ಕೆ ಬಂದು ಇಲ್ಲೇ ನಿಂತರು. ಅವರ ಬೆನ್ನಿಗೆ ನಾನೂ ಬಂದು ಗಾರ್ಡನ್ ರೀಚ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಎಂಜಿನಿಯರ್ ಆದೆ. ಯಾವ ತಗಡು ಎಲ್ಲಿ ಬಾಗಿದೆ, ಏನು ತಾಗಿ ಬಾಗಿದೆ ಎಂದು ನೋಡಿ ಹೇಳುವುದೇ ನನ್ನ ಹೊಟ್ಟೆಪಾಡು. ಮನೆಯಲ್ಲಿ ಕುಕ್ಕರಿನ ಹಿಡಿ ಸಡಿಲವಾದರೂ ಎಲ್ಲರೂ ನನ್ನ ಮುಖ ನೋಡುವರು.

ಕಾರು ಭಾವನ ತಂದೆ ಕೊಂಡದ್ದು. ಭಾವ ಅದನ್ನು ಊರಿನಿಂದ ಗೂಡ್ಸ್ ರೈಲಿನಲ್ಲಿ ಹೇರಿಸಿಕೊಂಡು ಬಂದು, ಸದರ್ನ್ ಅವೆನ್ಯೂ ಹತ್ತಿರದ ಮನೆಯ ಕೆಳಗೆ ಇಟ್ಟುಕೊಂಡಿದ್ದರು. ಅವರು ಅದನ್ನು ಒರೆಸುವುದನ್ನು ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು — ಹಸುಗೂಸಿಗೆ ಎಣ್ಣೆ ಹಚ್ಚುವವರೂ ಅಷ್ಟು ನಾಜೂಕು ಮಾಡುವುದಿಲ್ಲ. ಹೆಡ್‌ಲೈಟಿನ ಪಕ್ಕದಿಂದ ಹಿಂದಿನ ಬಾಗಿಲವರೆಗೆ ಎರಡು ಬೆರಳಗಲದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ತುಂಡು ತುಂಡಾಗಿ ಕೂಡಿಸಿದ್ದು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಆ ಪಟ್ಟಿಯಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದು ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದರು.

ನಲವತ್ತು ದಾಟಿದ ಮೇಲೆ ಅಕ್ಕ ಡ್ರೈವಿಂಗ್ ಕಲಿತಳು. ಭಾವ ಗೊಣಗಿದರು, ತಪ್ಪಿಸಲು ನೋಡಿದರು, ಕೊನೆಗೆ ಭಾನುವಾರಕ್ಕೆ ಮಾತ್ರ ಎಂದು ಕೀಲಿ ಕೊಟ್ಟರು. ಭಾನುವಾರ ಬೆಳಿಗ್ಗೆ ಸರೋವರದ ಕಡೆ ಒಂದು ಸುತ್ತು, ಬರುವಾಗ ಲೇಕ್ ಮಾರ್ಕೆಟಿನಲ್ಲಿ ಕರಿಬೇವು, ಹುರಿಗಡಲೆ. ಅಡ್ಡ ಬಂದ ಹಳದಿ ಟ್ಯಾಕ್ಸಿಯವರನ್ನು ಅಪ್ಪಟ ಧಾರವಾಡ ಕನ್ನಡದಲ್ಲಿ ಬೈಯುತ್ತ, ತಾನೇ ನಗುತ್ತ ಓಡಿಸುತ್ತಿದ್ದಳು. ಈ ಊರಿನಲ್ಲಿ ಅವಳು ಅಷ್ಟು ಖುಷಿಯಾಗಿ ಇದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷದ ನವಮಿ. ಇಡೀ ಊರು ದುರ್ಗಾಪೂಜೆಯ ಗದ್ದಲದಲ್ಲಿತ್ತು, ನಮ್ಮದು ಆಯುಧಪೂಜೆ. ಕಾರಿಗೆ ಬಾಳೆಕಂಬ ಕಟ್ಟುವ ನಮ್ಮನ್ನು ನೋಡಲು ಪಾಡಾದ, ಅಂದರೆ ನಮ್ಮ ಓಣಿಯ, ಮಂದಿಗೆ ಪ್ರತಿವರ್ಷ ಮೋಜು. ಕಾಯಿಯ ಮೇಲೆ ಕರ್ಪೂರ ಹಚ್ಚಿ, ಗಾಡಿಗೆ ದೃಷ್ಟಿಯ ಇಳಿ ತೆಗೆದು, ಮುಂದೆ ನೆಲಕ್ಕೆ ಒಡೆಯುವುದು ನಮ್ಮ ಪದ್ಧತಿ. ಭಾವ ಮೇಲೆ ಮಡಿ ಉಡುತ್ತಿದ್ದರು, ಅಕ್ಕ ಚಕ್ರಕ್ಕಿಡುವ ಲಿಂಬೆಹಣ್ಣು ತರಲು ಹೋಗಿದ್ದಳು. ನನಗೆ ಕಾಯುವುದೆಂದರೆ ಆಗದು. ಹೊಟ್ಟೆ ಬೇರೆ ಚುರುಗುಟ್ಟುತ್ತಿತ್ತು. ಒಬ್ಬನೇ ಕರ್ಪೂರ ಹಚ್ಚಿ ಇಳಿ ತೆಗೆಯತೊಡಗಿದೆ — ಉರಿಯುವ ಬಿಲ್ಲೆ ಜಾರಿ ಬೆರಳ ಮೇಲೆ ಬಿತ್ತು — ಕಾಯಿಯನ್ನು ಬೀಸಿ ಒಗೆದೆ. ಅದು ನೇರ ಹೋಗಿ ಪಟ್ಟಿಗೆ ಬಡಿಯಿತು.

ಹಿಂದೆ ಟೊಳ್ಳಿದ್ದ ಪಟ್ಟಿ ಒಂದು ಪುಟ್ಟ ಬಟ್ಟಲಿನ ಹಾಗೆ ಒಳಗೆ ಹೋಗಿತ್ತು. ಭಾವನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿತು. ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕೈ ತಾನಾಗಿ ಚೆಂಡುಹೂವಿನ ಮಾಲೆಯನ್ನು ಎಳೆದು ಅದರ ಮೇಲೆ ಹೊದಿಸಿತು. ಕಾಯಿ ಎತ್ತಿಕೊಂಡು, ಏನೂ ಆಗದವನಂತೆ, ಅವರೆದುರಿಗೇ ನೆಲಕ್ಕೆ ಒಡೆದೆ. ಸರಿಯಾಗಿ ಎರಡು ಹೋಳಾಯಿತು, ಒಳ್ಳೆಯ ಶಕುನ ಎಂದು ಭಾವ ಸಂತೋಷಪಟ್ಟರು. ಆಮೇಲೆ ಅಕ್ಕ ಲಿಂಬೆಹಣ್ಣುಗಳ ಮೇಲೆ ಕಾರು ಹಾಯಿಸಿ, ಪಾಡಾದಲ್ಲಿ ಒಂದು ಸುತ್ತು ಹೋಗಿ ಬಂದಳು. ಪೆಂಡಾಲಿನ ಬಿದಿರು ಕಟ್ಟಿ ಅರ್ಧ ಓಣಿ ಮುಚ್ಚಿಹೋಗಿತ್ತು. ಸಂದಿಯಲ್ಲಿ ಹೇಗೆ ನುಗ್ಗಿಸಿದೆ ಎಂದು ಊಟದ ಹೊತ್ತಿನಲ್ಲೆಲ್ಲ ಅದನ್ನೇ ಹೇಳಿದಳು.

ದಶಮಿಯ ಬೆಳಿಗ್ಗೆ ಬನ್ನಿ ಕೊಡಲು ಹೋದಾಗ ಭಾವ ಒಣಗಿದ ಮಾಲೆ ತೆಗೆಯುತ್ತಿದ್ದರು.

“ಎಲ್ಲಿ ತಾಗಿಸಿದಿ ಇದನ್ನ?” ಎಂದು ಅಕ್ಕನನ್ನು ಕೇಳಿದರು.

“ನಾ ಎಲ್ಲೂ ತಾಗಿಸಿಲ್ರೀ. ಬಂಬೂ ಹತ್ರ ಇತ್ತು ಖರೆ, ಆದ್ರ ತಾಗಿಲ್ಲ.”

“ತಾಗಿದ್ದೂ ಗೊತ್ತಾಗಂಗಿಲ್ಲ ಅಂದ್ರ ಗಾಡಿ ಯಾಕ ಓಡಸಬೇಕು?”

ಅಕ್ಕ ನನ್ನ ಕಡೆ ತಿರುಗಿದಳು. “ನೀ ನೋಡಿ ಹೇಳೋ ವಿನ್ಯಾ. ಇದು ಬಂಬೂ ತಾಗಿದ್ದ ಏನು?”

ಬಗ್ಗಿ ನೋಡಿದೆ — ನೋಡುವ ನಾಟಕ ಮಾಡಿದೆ. ಬಿದಿರು ತಾಗಿದ್ದರೆ ಉದ್ದಕ್ಕೆ ಗೀರು ಇರಬೇಕಿತ್ತು. ಇಲ್ಲಿ ಒಂದು ಗೀರೂ ಇರಲಿಲ್ಲ, ದುಂಡನೆಯ ಗುಳಿ, ಅಷ್ಟೇ. ವರ್ಕ್‌ಶಾಪಿನಲ್ಲಿ ಹೊಸಬನೊಬ್ಬ ಇದನ್ನು ಬಿದಿರು ಎಂದಿದ್ದರೆ ನಾನೇ ಉಗಿಯುತ್ತಿದ್ದೆ.

“ಹೋಗ್ಲಿ ಬಿಡಕ್ಕಾ, ನಾ ಸರಿ ಮಾಡಿ ಕೊಡ್ತೇನಿ” ಎಂದೆ.

ಅಕ್ಕ ಆ ಗುಳಿಯ ಮೇಲೆ ಬೆರಳಾಡಿಸಿ, “ಹಂಗಾರ ತಾಗಿರಬೇಕು” ಎಂದಳು. ನಾನು ಅವಳ ಕೈಗೆ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎಂದು ಕಾಲಿಗೆ ಬಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆಸಿಕೊಂಡವಳ ಆಶೀರ್ವಾದವನ್ನೂ ಎತ್ತೇ ತೆಗೆದುಕೊಂಡಿತು.

ಪಟ್ಟಿಯನ್ನು ಮನೆಗೆ ತಂದೆ. ಕೋಲ್ಕತ್ತದ ಚಳಿಗಾಲದ ಭಾನುವಾರಗಳೆಲ್ಲ ಅದಕ್ಕೇ ಹೋದವು, ಮತ್ತು ಅಂಥ ಹಟಮಾರಿ ವಸ್ತುವನ್ನು ನಾನು ಇನ್ನೊಂದು ಕಂಡಿಲ್ಲ. ಗಟ್ಟಿ ಮರದ ತುಂಡಿನ ಮೇಲೆ ಬೋರಲು ಮಲಗಿಸಿ, ದುಂಡುಮೂತಿಯ ಉಳಿಯಿಟ್ಟು ಹಿಂದಿನಿಂದ ಮೆಲ್ಲಗೆ ತಟ್ಟಬೇಕು. ತಿರುಗಿಸಿ ಲೋಹ ಉಜ್ಜುವ ಅರ ಆಡಿಸಿದರೆ ಉಬ್ಬಿದ ಜಾಗ ಮಾತ್ರ ಹೊಳೆಯುತ್ತದೆ, ತಗ್ಗು ಮಂಕಾಗಿಯೇ ಉಳಿಯುತ್ತದೆ. ಮತ್ತೆ ತಟ್ಟು, ಮತ್ತೆ ಅರ. ಒಂದು ಪೆಟ್ಟು ಹೆಚ್ಚಾದರೆ ಲೋಹ ಹಿಗ್ಗಿ ಬೇರೆ ಕಡೆ ಉಬ್ಬುತ್ತದೆ, ಅದನ್ನು ಕೂರಿಸಲು ಹೋದರೆ ಇನ್ನೊಂದು ಕಡೆ ಏಳುತ್ತದೆ. ಬೈದೆ, ಎತ್ತಿ ಎಸೆಯಲು ಹೋದೆ, ಮತ್ತೆ ಕೂತೆ. ಆಮೇಲೆ ಮರಳು ಕಾಗದ — ಒರಟಿನಿಂದ ನುಣುಪಿನವರೆಗೆ, ನೀರು ಹಾಕಿ ಒಂದೇ ದಿಕ್ಕಿಗೆ. ಕೊನೆಗೆ ವರ್ಕ್‌ಶಾಪಿನ ಪಾಲಿಶ್ ಚಕ್ರ. ಯಾಕೆ ಅಷ್ಟು ಶ್ರದ್ಧೆ ಎಂದು ಈಗ ಕೇಳಿಕೊಂಡರೆ ಉತ್ತರ ಸರಳ. ಆ ದುಂಡು ಗುಳಿಯನ್ನು ನೋಡಿ ಬೇರೆ ಯಾರಾದರೂ, ಇದು ಬಿದಿರಲ್ಲ ಎನ್ನುವ ಮೊದಲು ಅದು ಇಲ್ಲವಾಗಬೇಕಿತ್ತು.

ಪಟ್ಟಿ ಕೂರಿಸಿದ ದಿನ ಭಾವ ನನ್ನನ್ನು ಅಪ್ಪಿಕೊಂಡರು. “ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು” ಎಂದರು. ಆ ಮಾತು ಕೇಳಿದಾಗಲೆಲ್ಲ — ಎಷ್ಟು ವರ್ಷ, ಎಷ್ಟು ಜನರ ಮುಂದೆ — ಎದ್ದು ಹೋಗೋಣ ಎನ್ನಿಸುತ್ತಿತ್ತು. ಅಕ್ಕ ಮಾತ್ರ ಮತ್ತೆ ಕೀಲಿ ಮುಟ್ಟಲಿಲ್ಲ. ಭಾವ ಸಿಟ್ಟಿಳಿದ ಮೇಲೆ ತಾವೇ ಓಡಿಸು ಎಂದರು. ಅವಳು, ನನ್ನ ಕೈ ಸುಮಾರು, ಬ್ಯಾಡ್ರೀ ಎಂದಳು. ನನ್ನ ಜೊತೆ ಬಾ, ಹೇಳಿಕೊಡುತ್ತೇನೆ ಎಂದು ನಾನೂ ಕರೆದೆ. ಎಂಥ ದೊಡ್ಡಸ್ತಿಕೆ! ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಈಗ ಭಾವನ ಕಣ್ಣು ಮಂಜಾಗಿದೆ, ಡಾಕ್ಟರು ಓಡಿಸಬೇಡಿ ಎಂದಿದ್ದಾರೆ. ಮನೆಯಲ್ಲಿ ಓಡಿಸುವವರಿಲ್ಲ ಎಂದು ಕಾರನ್ನು ಮಾರುತ್ತಿದ್ದಾರೆ. ಅಲಿಪುರದವರೊಬ್ಬರು ನೋಡಿಕೊಂಡು ಹೋದರು. ಒಪ್ಪಿಸುವ ಮೊದಲು ಪಟ್ಟಿಗೆ ಒಂದು ಕೈ ಪಾಲಿಶ್ ಹಾಕು ಎಂದು ಭಾವ ನನಗೇ ಹೇಳಿಕಳಿಸಿದರು. ಹೋದೆ. ಬಟ್ಟೆ ಕೈಯಲ್ಲಿ ಹಿಡಿದು ನಿಂತೆ, ಆಗಲಿಲ್ಲ. ಮೇಲೆ ಹೋದಾಗ ಅಕ್ಕ ಬಾಲ್ಕನಿಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕೈಯಲ್ಲಿದ್ದ ಬಟಾಣಿಕಾಯಿಯನ್ನು ಬುಟ್ಟಿಗೆ ಹಾಕಿದಳು.

“ನಾ ತಾಗಿಸಿಲ್ಲಂತ ನನಗ ಖಾತ್ರಿ ಇತ್ತು. ಅವರು ಬೈದಾಗೂ ಇತ್ತು. ನಿನ್ನ ಕೇಳಿದೆ ನೋಡು, ನೀ ನೋಡಿ ‘ಬಿಡಕ್ಕಾ’ ಅಂದಿ — ಆವಾಗ ಹೋತು. ತಗಡಿನ ವಿಷಯ ನಿನಗ ತಿಳಿದಷ್ಟು ನನಗ ತಿಳೀತದೇನು ಅಂದ್ಕೊಂಡೆ. ಆಮ್ಯಾಲ ರಸ್ತಾ ದಾಟಬೇಕಾದ್ರೂ ನನ್ನ ಕಣ್ಣು ನಾ ನಂಬಲಿಲ್ಲ.”

“ಕಾರು ಕೊಡೋದು ಬ್ಯಾಡಕ್ಕಾ. ನೀ ಓಡ್ಸು” ಎಂದೆ. ನನ್ನ ಬಾಯಿಂದ ಆ ಮಾತು ಎಷ್ಟು ಹೊಲಸಾಗಿ ಕೇಳಿಸಿತೆಂದರೆ —

“ಈಗ? ಮೊಣಕಾಲಿಗೆ ಕ್ಲಚ್ ಒತ್ತಾಕ ಆಗಂಗಿಲ್ಲೋ.”

ಒಳಗೆ ಹೋಗಿ ಭಾವನನ್ನು ಕೈ ಹಿಡಿದು ಕರೆತಂದಳು. ನನ್ನೆದುರಿನ ಕುರ್ಚಿಯಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

“ವಿನ್ಯಾ ಏನೋ ಹೇಳ್ತಾನ. ಕೇಳ್ರಿ.”

ಮೊದಲಿನಿಂದ ಹೇಳಿದೆ. ಅಕ್ಕ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.